ಅಂತ: ದಂಧೆಯ ಗೂಡಿಗೆ ನುಸುಳಿದ ಪೊಲೀಸನ ಚಿತ್ರ, ಮತ್ತು ಅದನ್ನು ನೋಡಿದ ಮಂಡ್ಯ ಸೀಮೆ

ಅಂತ: 1981ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ನಿರ್ದೇಶಕರು ಎಸ್.ವಿ. ರಾಜೇಂದ್ರಸಿಂಗ್ ಬಾಬು. ಎಚ್.ಕೆ. ಅನಂತರಾವ್ ಅವರು ‘ಸುಧಾ’ ವಾರಪತ್ರಿಕೆಗೆ ಬರೆದ ಧಾರಾವಾಹಿ ಕಾದಂಬರಿ ಇದರ ಮೂಲ. ಅಂಬರೀಶ್ ಎರಡು ಪಾತ್ರಗಳಲ್ಲಿದ್ದಾರೆ: ಪ್ರಾಮಾಣಿಕ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಮತ್ತು ಅವನಂತೆಯೇ ಕಾಣುವ ಪಾತಕಿ ಕನ್ವರ್‌ಲಾಲ್. ಲಕ್ಷ್ಮಿ, ಜಯಮಾಲಾ, ವಜ್ರಮುನಿ, ಪ್ರಭಾಕರ್, ಸುಂದರ್ ಕೃಷ್ಣ ಅರಸ್ ಇತರ ಮುಖ್ಯ ಕಲಾವಿದರು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ವೇಷ ಮರೆಸಿಕೊಂಡು ಪಾತಕಿಗಳ ಗುಂಪು ಸೇರುವ ಪೊಲೀಸನ ಕಥೆಗಳಲ್ಲಿ ಕನ್ನಡ ಪ್ರೇಕ್ಷಕರ ನೆನಪಿನಲ್ಲಿ ಇಷ್ಟು ಆಳವಾಗಿ ಉಳಿದದ್ದು ಇನ್ನೊಂದಿಲ್ಲ.

ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಪ್ರೇಕ್ಷಕನ ಎದೆ ಹೊಡೆದುಕೊಳ್ಳುವುದು ಒಂದೇ ಭಯಕ್ಕೆ: ಒಳಹೊಕ್ಕವನ ಗುಟ್ಟು ಯಾವಾಗ ರಟ್ಟಾಗುತ್ತದೆ? ‘ಅಂತ’ದಲ್ಲಿ ಆ ಭಯ ಇದೆ. ಆದರೆ ಚಿತ್ರದ ನಿಜವಾದ ಕೊರಗು ಇನ್ನೊಂದು. ಪ್ರಾಣ ಒತ್ತೆಯಿಟ್ಟು ತಂದ ಸಾಕ್ಷ್ಯವನ್ನು ಯಾರ ಕೈಗೆ ಒಪ್ಪಿಸಬೇಕು? ಕೈ ಚಾಚಿ ನಿಂತವನೇ ಪಾತಕಿಗಳ ಪಟ್ಟಿಯಲ್ಲಿದ್ದರೆ? ಮುಂದಿನ ನಾಲ್ಕು ದಶಕಗಳಲ್ಲಿ ಕನ್ನಡದ ಮಫ್ತಿ ಪೊಲೀಸ್ ಕಥೆಗಳು ಮತ್ತೆ ಮತ್ತೆ ಬಂದು ನಿಂತದ್ದು ಇದೇ ಪ್ರಶ್ನೆಯ ಮುಂದೆ. ಅಂಬರೀಶ್ ಹುಟ್ಟಿದ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ತೆರೆಯಿಂದ ಇಳಿದು ಚುನಾವಣೆಯ ಕಣಕ್ಕೂ ಹೊಳೆಯ ದಂಡೆಗೂ ಬಂದಿದೆ.

ಹಿನ್ನೆಲೆ

ವೇಷಧಾರಿ ಬೇಹುಗಾರನ ಬಗ್ಗೆ ನಮ್ಮಲ್ಲಿ ಬಹು ಹಿಂದಿನಿಂದಲೂ ಶಾಸ್ತ್ರವಿದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಗೂಢಪುರುಷರನ್ನು ವರ್ಗವರ್ಗವಾಗಿ ವಿಂಗಡಿಸುತ್ತದೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂಬವರು ಒಂದೆಡೆ ನೆಲೆಸಿ ಸುದ್ದಿ ಕಲೆಹಾಕುವವರು. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬವರು ಸಂಚರಿಸುವವರು. ವ್ಯಾಪಾರಿ, ಒಕ್ಕಲಿಗ, ಸನ್ಯಾಸಿ ಎಲ್ಲರ ವೇಷಕ್ಕೂ ಅದರಲ್ಲಿ ಜಾಗವಿದೆ. ಒಬ್ಬ ಗೂಢಚಾರನ ಮಾತನ್ನು ಹಾಗೇ ನಂಬಬಾರದು, ಮೂವರ ವರದಿ ಒಂದಕ್ಕೊಂದು ತಾಳೆಯಾಗಬೇಕು ಎಂಬ ಎಚ್ಚರಿಕೆಯೂ ಇದೆ. ಮರೆತೇಹೋಗಿದ್ದ ಈ ಗ್ರಂಥದ ಹಸ್ತಪ್ರತಿ ಬೆಳಕು ಕಂಡದ್ದು ಶ್ರೀರಂಗಪಟ್ಟಣದ ಪಕ್ಕದ ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ ಅದನ್ನು ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಶ್ರೀರಂಗಪಟ್ಟಣದ ಕೋಟೆಗೂ ಒಳಗಿನವನ ಕಥೆಯೊಂದಿದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮುತ್ತಿಗೆಯ ಮಾತು ಬಂದರೆ ಊರವರ ಬಾಯಲ್ಲಿ ಈಗಲೂ ಮೀರ್ ಸಾದಿಕನ ಹೆಸರು ಬರುತ್ತದೆ. ಕೋಟೆ ಬಿದ್ದದ್ದಕ್ಕೆ ಹೊರಗಿನ ಫಿರಂಗಿಗಿಂತ ಒಳಗಿನ ದ್ರೋಹವೇ ಹೆಚ್ಚು ಕಾರಣ ಎಂಬುದು ಜನರ ನಂಬಿಕೆ.

ಕನ್ನಡದ ಓದುಗರಿಗೆ ಪತ್ತೇದಾರನನ್ನು ಮನೆಮಾತಾಗಿಸಿದವರು ನೂರಾರು ಕಾದಂಬರಿ ಬರೆದ ಎನ್. ನರಸಿಂಹಯ್ಯ. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರು ಬಾಡಿಗೆ ಪುಸ್ತಕದಂಗಡಿಗಳ ಮೂಲಕ ಹಳ್ಳಿಹಳ್ಳಿ ತಲುಪಿದರು. ತೆರೆಯ ಮೇಲೆ ಆ ಕೆಲಸ ಮಾಡಿದವರು ದೊರೈ-ಭಗವಾನ್ ಜೋಡಿ. 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಬಂದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಈ ಚಿತ್ರಗಳಲ್ಲಿ ವೇಷ ಬದಲಿಸುವುದು ಒಂದು ಸೊಗಸು. ಗೂಢಚಾರ ಚೆಂದದ ಕೋಟು ತೊಡುತ್ತಾನೆ, ಹಾಡುತ್ತಾನೆ, ಗೆಲ್ಲುತ್ತಾನೆ. ಅವನನ್ನು ಕಳಿಸಿದ ಇಲಾಖೆ ಪರಿಶುದ್ಧವಾಗಿರುತ್ತದೆ. ಕೊನೆಯ ದೃಶ್ಯದಲ್ಲಿ ಜೀಪುಗಳು ಬಂದು ಖಳನನ್ನು ಹಿಡಿದುಕೊಂಡು ಹೋಗುತ್ತವೆ. ‘ಗೋವಾದಲ್ಲಿ ಸಿ.ಐ.ಡಿ. 999’ ಮೂಲಕ ಕನ್ನಡಕ್ಕೆ ಬಂದ ಲಕ್ಷ್ಮಿ ಹದಿಮೂರು ವರ್ಷಗಳ ಮೇಲೆ ‘ಅಂತ’ದಲ್ಲಿ ನಟಿಸಿದಾಗ, ಆ ಜೀಪುಗಳ ಮೇಲಿನ ನಂಬಿಕೆ ಕನ್ನಡ ಸಿನಿಮಾದಿಂದ ಹೊರಟುಹೋಗಿತ್ತು.

ಕಥೆ ಮತ್ತು ಅದರ ಕ್ರೌರ್ಯ

ಕನ್ವರ್‌ಲಾಲ್ ಎಂಬ ಪಾತಕಿ ಪೊಲೀಸರ ವಶವಾಗುತ್ತಾನೆ. ಅವನ ತದ್ರೂಪಿಯಾದ ಸುಶೀಲ್ ಕುಮಾರನನ್ನು ಅವನ ಜಾಗದಲ್ಲಿ ಗುಂಪಿನೊಳಕ್ಕೆ ಕಳಿಸಲಾಗುತ್ತದೆ. ಸೌಮ್ಯ ಅಧಿಕಾರಿ ಸಿಗರೇಟು ಹಿಡಿಯುವ ರೀತಿಯಿಂದ ಹಿಡಿದು ಗದರುವ ರೀತಿಯವರೆಗೆ ಇನ್ನೊಬ್ಬನಾಗಬೇಕು. ಅಂಬರೀಶ್ ಅವರ ನಟನೆಯ ಬಲ ಇಲ್ಲಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಜಲೀಲನಾಗಿ ಬಂದ ಅವರು ಆಮೇಲೆ ವರ್ಷಗಟ್ಟಲೆ ಪುಂಡರ, ಖಳರ ಪಾತ್ರ ಮಾಡಿ ಪಳಗಿದ್ದರು. ಆ ಅನುಭವವನ್ನು ನಿರ್ದೇಶಕರು ಜಾಣತನದಿಂದ ಬಳಸಿದರು. ಪ್ರೇಕ್ಷಕರಿಗೆ ಹಳೆಯ ಅಂಬರೀಶ್ ಗೊತ್ತಿದ್ದುದರಿಂದ ಕನ್ವರ್‌ಲಾಲ್ ತಕ್ಷಣ ನಿಜವೆನಿಸಿದ. ಹೊಸಬನಾಗಿ ಕಂಡವನು ಸುಶೀಲ್ ಕುಮಾರ್. ಜನ ಮೆಚ್ಚಿ ಅನುಕರಿಸಿದ್ದು ಮಾತ್ರ ಪಾತಕಿಯ ಗತ್ತನ್ನೇ. ಕನ್ವರ್‌ಲಾಲ್ ಎಂಬ ಹೆಸರು ಅಂಬರೀಶರಿಗೆ ಜೀವನಪೂರ್ತಿ ಅಂಟಿಕೊಂಡಿತು.

ಗುಂಪಿನೊಳಗೆ ಸುಶೀಲ್ ಕಾಣುವುದು ಬರೀ ಕಳ್ಳಸಾಗಣೆಯನ್ನಲ್ಲ. ಅಧಿಕಾರದಲ್ಲಿರುವವರು, ಸಮಾಜದಲ್ಲಿ ಗಣ್ಯರೆನಿಸಿಕೊಂಡವರು, ಸ್ವಂತ ಇಲಾಖೆಯವರು ಈ ಜಾಲಕ್ಕೆ ಸೇರಿದ್ದಾರೆ. ಅವನ ಗುಟ್ಟು ಬಯಲಾದ ಮೇಲೆ ಚಿತ್ರ ಕರಾಳವಾಗುತ್ತದೆ. ಅವನ ಉಗುರುಗಳನ್ನು ಕೀಳುತ್ತಾರೆ. ಗರ್ಭಿಣಿ ಹೆಂಡತಿಯನ್ನು ಅವನ ಕಣ್ಣೆದುರೇ ಹಿಂಸಿಸುತ್ತಾರೆ. ಕಳೆದುಹೋದ ಕೂಸಿನ ಪ್ರಸಂಗವಂತೂ ಕನ್ನಡದ ತೆರೆ ಅದುವರೆಗೆ ಕಾಣದ ಭೀಕರತೆ. ಹೆಣ್ಣಿನ ಮೇಲಿನ ಹಿಂಸೆಯನ್ನು ನಾಯಕನ ಸಿಟ್ಟಿಗೆ ಸೌದೆಯಾಗಿಸುವ ಈ ದಾರಿ ಒಪ್ಪುವಂಥದ್ದಲ್ಲ. ಆಮೇಲಿನ ಎಷ್ಟೋ ಚಿತ್ರಗಳು ‘ಅಂತ’ದ ಪ್ರಶ್ನೆಯನ್ನು ಬಿಟ್ಟು ಈ ದಾರಿಯನ್ನಷ್ಟೇ ಹಿಡಿದವು. ಆದರೆ ಉಗುರು ಕೀಳುವ ದೃಶ್ಯವನ್ನು ಬರೀ ಅಬ್ಬರವೆಂದು ತಳ್ಳಿಹಾಕಲಾಗದು. ತುರ್ತುಪರಿಸ್ಥಿತಿಯ ಲಾಕಪ್ಪುಗಳ ಕಥೆ ಕೇಳಿದ್ದ ಜನ ಅದನ್ನು ನೋಡಿದ್ದು 1981ರಲ್ಲಿ. ತೆರೆಯ ಮೇಲೆ ಚಿತ್ರಹಿಂಸೆಗೆ ಗುರಿಯಾದವನು ಪೊಲೀಸ್. ಮಾಡಿಸುತ್ತಿದ್ದವರು ಪೊಲೀಸರ ಮೇಲೂ ಹಿಡಿತವಿದ್ದವರು. ಕೊನೆಗೆ, ಕಾನೂನಿನ ಬಾಗಿಲುಗಳೆಲ್ಲ ಮುಚ್ಚಿವೆಯೆಂದು ಕಂಡ ಸುಶೀಲ್ ಶಿಕ್ಷೆಯನ್ನು ತಾನೇ ಕೈಗೆತ್ತಿಕೊಳ್ಳುತ್ತಾನೆ.

ಕಾಲ

‘ಅಂತ’ ಬಂದಾಗ ರಾಜ್ಯದಲ್ಲಿ ಆರ್. ಗುಂಡೂರಾವ್ ಸರ್ಕಾರವಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿ, ಅಲ್ಲಿಂದ ರೈತ ಚಳವಳಿ ರಾಜ್ಯವಿಡೀ ಹಬ್ಬಿತ್ತು. ಕಬ್ಬು, ಭತ್ತದ ಮಂಡ್ಯ ಸೀಮೆಯಲ್ಲಿ ಮುಂದೆ ರೈತಸಂಘ ಬಲವಾಗಿ ಬೇರೂರಿತು. ಪಾಂಡವಪುರ ಅದರ ಗಟ್ಟಿ ನೆಲೆಗಳಲ್ಲೊಂದಾಯಿತು. ಖಾಕಿಯೂ ಖಾದಿಯೂ ಒಂದೇ ಪಂಕ್ತಿಯಲ್ಲಿ ಕೂತಿವೆ ಎಂದು ತೋರಿಸಿದ ಚಿತ್ರ ಬಂದದ್ದು ಈ ಹೊತ್ತಿನಲ್ಲಿ. ಹಿಂಸೆಗಾಗಿ, ಅಧಿಕಾರಸ್ಥರ ಚಿತ್ರಣಕ್ಕಾಗಿ ‘ಅಂತ’ ಸೆನ್ಸಾರ್ ವಿವಾದಕ್ಕೆ ಸಿಲುಕಿತು. ವಿವಾದ ಜನರನ್ನು ಚಿತ್ರಮಂದಿರದಿಂದ ದೂರ ಇಡಲಿಲ್ಲ. ಬಾಬು ಅವರೇ ಅದೇ ವರ್ಷ ಹಿಂದಿಯಲ್ಲಿ ಜಿತೇಂದ್ರ, ಹೇಮಾಮಾಲಿನಿಯವರೊಂದಿಗೆ ‘ಮೇರಿ ಆವಾಜ್ ಸುನೋ’ ಮಾಡಿದರು. ಅದಕ್ಕೂ ಅದೇ ತಕರಾರು ಬಂತು. ತೆಲುಗಿನಲ್ಲಿ ಕೃಷ್ಣ ನಾಯಕರಾಗಿ ಈ ಕಥೆ ಮರುನಿರ್ಮಾಣವಾಯಿತು.

1983ರ ‘ಚಕ್ರವ್ಯೂಹ’ದಲ್ಲಿ ವಿ. ಸೋಮಶೇಖರ್ ನಿರ್ದೇಶನದಲ್ಲಿ ಅಂಬರೀಶ್ ಇದೇ ಸಿಟ್ಟನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅಲ್ಲಿ ದುಷ್ಟಕೂಟ ಪೊಲೀಸನನ್ನೇ ರಾಜಕಾರಣಿಯಾಗಿ ಬೆಳೆಸುತ್ತದೆ. ಅದು ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ನಟಿಸಿದ ‘ಇಂಕಿಲಾಬ್’ (1984) ಆಯಿತು. ಬಾಬು, ಅಂಬರೀಶ್ ಮತ್ತೆ ಜೊತೆಯಾಗಿ 1995ರಲ್ಲಿ ‘ಆಪರೇಷನ್ ಅಂತ’ ಮಾಡಿದರೂ ಮೊದಲನೆಯದರ ಪೆಟ್ಟು ಅದಕ್ಕೆ ದಕ್ಕಲಿಲ್ಲ. ಈ ನಡುವೆ, ವೇಷ ಮರೆಸಿ ಓಡಾಡುತ್ತಾರೆಂದು ಜನರ ನಡುವೆ ಹೆಸರಾಗಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರಿನಲ್ಲಿ ಶಂಕರ್‌ನಾಗ್ ನಟಿಸಿದ ‘ಸಾಂಗ್ಲಿಯಾನ’ (1988) ಬಂದು, ಪೊಲೀಸನ ಮೇಲಿನ ಪ್ರೀತಿಯನ್ನು ಒಂದಿಷ್ಟು ಮರಳಿ ತಂದಿತು.

ಸಾಕ್ಷ್ಯ ಯಾರ ಕೈಗೆ?

‘ಅಂತ’ಕ್ಕೆ ಮೂರು ವರ್ಷ ಮೊದಲು ಬಂದ, ಸಲೀಂ-ಜಾವೇದ್ ಬರೆದ ಹಿಂದಿಯ ‘ಡಾನ್’ (1978) ಚಿತ್ರದಲ್ಲೂ ತದ್ರೂಪಿಯನ್ನು ಗುಂಪಿಗೆ ಕಳಿಸುತ್ತಾರೆ. ಅಲ್ಲಿ ಕಷ್ಟ ಶುರುವಾಗುವುದು ಗುಟ್ಟು ಬಲ್ಲ ಒಬ್ಬನೇ ಅಧಿಕಾರಿ ಸತ್ತಾಗ. ಹಾಂಗ್‌ಕಾಂಗ್‌ನ ‘ಇನ್ಫರ್ನಲ್ ಅಫೇರ್ಸ್’ (2002), ಅದನ್ನು ಆಧರಿಸಿ ಮಾರ್ಟಿನ್ ಸ್ಕಾರ್ಸೀಸಿ ಮಾಡಿದ, ಆಸ್ಕರ್ ಗೆದ್ದ ‘ದಿ ಡಿಪಾರ್ಟೆಡ್’ (2006) ಚಿತ್ರಗಳಲ್ಲೂ ಹೀಗೇ: ತನ್ನನ್ನು ಬಲ್ಲವನು ಸತ್ತರೆ ಮಫ್ತಿ ಪೊಲೀಸ್ ಯಾರೂ ಅಲ್ಲದವನಾಗುತ್ತಾನೆ. ‘ಅಂತ’ದ ಸುಶೀಲನದು ಇದಕ್ಕಿಂತ ಕಹಿಯಾದ ಗತಿ. ಅವನು ಯಾರೆಂದು ಬಲ್ಲವರು ಬದುಕಿದ್ದಾರೆ, ಕುರ್ಚಿಯಲ್ಲಿದ್ದಾರೆ. ಅವರೇ ಅವನ ಶತ್ರುಗಳು.

ನಿಜಜೀವನದ ಒಂದು ಪ್ರಕರಣ ಪಕ್ಕದಲ್ಲಿಟ್ಟು ನೋಡಿದರೆ ಈ ಕಹಿ ಸ್ಪಷ್ಟವಾಗುತ್ತದೆ. ಅಮೆರಿಕದ ಎಫ್‌ಬಿಐ ಅಧಿಕಾರಿ ಜೋಸೆಫ್ ಪಿಸ್ಟೋನ್ ‘ಡಾನಿ ಬ್ರಾಸ್ಕೋ’ ಎಂಬ ಹೆಸರಿನಲ್ಲಿ ನ್ಯೂಯಾರ್ಕಿನ ಬೊನಾನೊ ಮಾಫಿಯಾ ಕುಟುಂಬದೊಳಗೆ 1976ರಿಂದ ಬದುಕಿದರು. ಅವರು ಹೊರಬಂದದ್ದು 1981ರಲ್ಲಿ, ‘ಅಂತ’ ತೆರೆಕಂಡ ವರ್ಷದಲ್ಲೇ. ಆಮೇಲೆ ನ್ಯಾಯಾಲಯಗಳಲ್ಲಿ ನಿಂತು ಅವರು ಹೇಳಿದ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1997ರಲ್ಲಿ ಮೈಕ್ ನ್ಯೂವೆಲ್ ನಿರ್ದೇಶನದಲ್ಲಿ ಇದು ಚಿತ್ರವಾದಾಗ ಕಥೆಯ ನೋವಿದ್ದದ್ದು ಸ್ನೇಹದ್ರೋಹದಲ್ಲಿ: ತನ್ನನ್ನು ನಂಬಿ ಗುಂಪಿಗೆ ಸೇರಿಸಿದ ಮುದಿ ಪಾತಕಿಯನ್ನು ಪೊಲೀಸ್ ಸಾವಿಗೆ ಒಪ್ಪಿಸುತ್ತಾನೆ. ನ್ಯಾಯಾಲಯ ತನ್ನ ಕೆಲಸ ಮಾಡೀತೋ ಇಲ್ಲವೋ ಎಂಬ ಅನುಮಾನ ಆ ಚಿತ್ರಕ್ಕೆ ಇಲ್ಲ. ಸುಶೀಲ್ ಕುಮಾರನಿಗೆ ಸ್ನೇಹದ್ರೋಹದ ನೋವನ್ನು ಅನುಭವಿಸಲು ಪುರುಸೊತ್ತೇ ಸಿಗುವುದಿಲ್ಲ.

ಭಾರತದ ಕಾನೂನೂ ಮಫ್ತಿ ಪೊಲೀಸನಿಗೆ ಸಲೀಸಾದ ದಾರಿ ಕೊಟ್ಟಿರಲಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಂತೆ ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಬಳಸುವಂತಿರಲಿಲ್ಲ. ಲಾಠಿಗೆ ಹೆದರಿ ಒಪ್ಪಿಕೊಳ್ಳುವವರನ್ನು ಕಾಪಾಡುವ ಒಳ್ಳೆಯ ನಿಯಮ ಅದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದ್ದರಿಂದಲೇ ನಮ್ಮ ಸಿನಿಮಾಗಳ ಮಫ್ತಿ ಪೊಲೀಸರು ಪಾತಕಿಯ ಬಾಯಿಮಾತಿಗಿಂತ ದಾಖಲೆ, ಪಟ್ಟಿ, ಟೇಪುಗಳ ಬೆನ್ನುಹತ್ತುತ್ತಾರೆ. ಸಂಘಟಿತ ಅಪರಾಧಗಳಿಗಾಗಿಯೇ ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ಕೋಕಾ ಎಂದು ಕರೆಯುವ ಈ ಕಾಯ್ದೆಯಡಿ ಹಿರಿಯ ದರ್ಜೆಯ ಪೊಲೀಸ್ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಗೆ ಕೆಲವು ಷರತ್ತುಗಳೊಂದಿಗೆ ಬೆಲೆಯಿದೆ.

ನಾಲ್ಕು ತಾಲ್ಲೂಕುಗಳು

ಅಂಬರೀಶ್ (ಮೂಲ ಹೆಸರು ಅಮರನಾಥ್) ಹುಟ್ಟಿದ್ದು 1952ರ ಮೇ 29ರಂದು, ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ. ಪಿಟೀಲು ಚೌಡಯ್ಯನವರ ಮೊಮ್ಮಗ. ಮಂಡ್ಯ ಜಿಲ್ಲೆ ಅವರನ್ನು ಮನೆಮಗನೆಂದು ಕಂಡಿತು. ಆ ಅಕ್ಕರೆಗೆ ‘ಅಂತ’ ಕೊಟ್ಟ ಬಂಡಾಯಗಾರನ ಚಹರೆಯೂ ಒಂದು ಕಾರಣ. 1994ರಲ್ಲಿ ‘ಮಂಡ್ಯದ ಗಂಡು’ ಎಂಬ ಹೆಸರಿನಲ್ಲೇ ಚಿತ್ರ ಬಂತು. 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ ಅವರು ಮಂಡ್ಯದ ಸಂಸದರಾದರು. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿ, ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು.

ಆದರೆ ಈ ಸೀಮೆಯ ಮತದಾರರು ತೆರೆಯ ಸಿಟ್ಟಿಗೂ ಮತಕ್ಕೂ ನಡುವೆ ಗೆರೆ ಎಳೆಯಬಲ್ಲವರು. 2008ರ ವಿಧಾನಸಭಾ ಚುನಾವಣೆಯಲ್ಲಿ ಶ್ರೀರಂಗಪಟ್ಟಣದಿಂದ ನಿಂತ ಅಂಬರೀಶ್, ಜಾತ್ಯತೀತ ಜನತಾದಳದ ರಮೇಶ ಬಂಡಿಸಿದ್ದೇಗೌಡರ ಎದುರು ಸೋತರು. 2009ರ ಲೋಕಸಭೆಯಲ್ಲಿ ಅವರನ್ನು ಸೋಲಿಸಿದವರು ನಾಗಮಂಗಲದ ಎನ್. ಚಲುವರಾಯಸ್ವಾಮಿ. 2013ರಲ್ಲಿ ಮಂಡ್ಯ ಕ್ಷೇತ್ರದಿಂದ ಗೆದ್ದು ವಸತಿ ಸಚಿವರಾದರು, 2016ರಲ್ಲಿ ಸಂಪುಟದಿಂದ ಹೊರಬಿದ್ದರು. 2018ರ ನವೆಂಬರ್ 24ರಂದು ತೀರಿಕೊಂಡರು. ಅದೇ ದಿನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತಿದ್ದರು. ಜಿಲ್ಲೆ ಒಂದೇ ದಿನ ಎರಡು ಶೋಕ ಹೊತ್ತಿತು. ಮರುದಿನ ಮಂಡ್ಯದ ಕ್ರೀಡಾಂಗಣಕ್ಕೆ ಅವರ ಪಾರ್ಥಿವ ಶರೀರ ಬಂದಾಗ ಸೇರಿದ ಜನರಲ್ಲಿ ‘ಅಂತ’ವನ್ನು ಟೆಂಟಿನಲ್ಲಿ ನೋಡಿದ ತಲೆಮಾರೂ ಇತ್ತು. 2019ರಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತು ಗೆದ್ದ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಶ್ರೀರಂಗಪಟ್ಟಣ, ಮೇಲುಕೋಟೆ (ಪಾಂಡವಪುರ), ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಸೇರಿವೆ.

ಸಿನಿಮಾದವರಿಗೆ ಈ ತಾಲ್ಲೂಕುಗಳು ಹೆಚ್ಚಾಗಿ ಚೆಂದದ ಹಿನ್ನೆಲೆ. ಮೇಲುಕೋಟೆಯ ರಾಯಗೋಪುರ ಮತ್ತು ಕಲ್ಯಾಣಿ, ಕೆ.ಆರ್.ಎಸ್.ನ ಬೃಂದಾವನ, ಶ್ರೀರಂಗಪಟ್ಟಣ ತಾಲ್ಲೂಕಿನ ಮಹದೇವಪುರದ ಕಾವೇರಿ ದಂಡೆ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿವೆ. ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಿಂದ ಹೊರಟ ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ಕೂಡ ಗ್ಯಾಂಗ್‌ಸ್ಟರ್ ಕಥೆಗಳ ಗೋಜಿಗೆ ಹೋದವರಲ್ಲ. ಸಿನಿಮಾ ಕಾಣದೆ ಬಿಟ್ಟದ್ದು ಈ ನೆಲದ ನಿಜವಾದ ದಂಧೆಗಳನ್ನು. ಕಾವೇರಿ, ಹೇಮಾವತಿ ಪಾತ್ರಗಳಿಂದ ರಾತ್ರೋರಾತ್ರಿ ಮರಳು ಸಾಗಿಸುವುದು, ಅದು ಸಿಗದಾದಾಗ ಕೆರೆಮಣ್ಣು ತೊಳೆದು ಫಿಲ್ಟರ್ ಮರಳು ಮಾಡುವುದು, ಬಂಡೆ ಸಿಡಿಸುವುದು ಇಲ್ಲಿನವರಿಗೆ ಹೊಸ ಸುದ್ದಿಯಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆ ಕೆ.ಆರ್.ಎಸ್. ಅಣೆಕಟ್ಟೆಗೆ ಅಪಾಯ ತರಬಹುದೆಂಬ ಆತಂಕ 2018ರಿಂದ ತೀವ್ರವಾಗಿ, 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಅದನ್ನು ನಿಲ್ಲಿಸಬೇಕೆಂಬ ವಾದ ಹೈಕೋರ್ಟಿಗೂ ಹೋಯಿತು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಹೆಣ್ಣುಭ್ರೂಣ ಹತ್ಯೆ ಜಾಲ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥ ಕೆಲಸ ನಡೆದೀತೆಂದು ಯಾವ ಚಿತ್ರಕಥೆಗಾರನೂ ಊಹಿಸಿರಲಿಲ್ಲ.

ಇಲ್ಲಿನ ಜನ ಕಂಡ ಗುಪ್ತ ಕಾರ್ಯಾಚರಣೆ ಎಂದರೆ ಲೋಕಾಯುಕ್ತರ ಟ್ರ್ಯಾಪ್. 1984ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಲಂಚ ಕೇಳಿಸಿಕೊಂಡ ರೈತನ ಕೈಗೆ ಪುಡಿ ಸವರಿದ ನೋಟು ಕೊಟ್ಟು ಕಚೇರಿಗೆ ಕಳಿಸುತ್ತಾರೆ. ನೋಟು ಮುಟ್ಟಿದ ಬೆರಳನ್ನು ದ್ರಾವಣದಲ್ಲಿ ಅದ್ದಿದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಒಳಗೆ ಹೋಗುವವನು ಪೊಲೀಸನೂ ಅಲ್ಲ, ಖಾತೆ ಬದಲಾವಣೆಗೆ ಅಲೆದು ಸುಸ್ತಾದ ಸಾಮಾನ್ಯ ಮನುಷ್ಯ. ಅವನ ಧೈರ್ಯದ ಮೇಲೆ ಒಂದು ಒಳ್ಳೆಯ ಕನ್ನಡ ಚಿತ್ರ ಬರಬೇಕು.

ಮಫ್ತಿ ಮತ್ತು ಆಮೇಲೆ

‘ಅಂತ’ದ ಪ್ರಶ್ನೆಯನ್ನು ಹೊಸ ತಲೆಮಾರಿಗೆ ದಾಟಿಸಿದ ಚಿತ್ರ ನರ್ತನ್ ನಿರ್ದೇಶನದ ‘ಮಫ್ತಿ’ (2017). ಶ್ರೀಮುರಳಿ ಅಭಿನಯದ ಗಣ ಎಂಬ ಪೊಲೀಸ್, ಗುರುತು ಮುಚ್ಚಿಟ್ಟು ಭೈರತಿ ರಣಗಲ್ ಎಂಬ ದೊರೆಯ ಸಾಮ್ರಾಜ್ಯ ಸೇರುತ್ತಾನೆ. ಕಪ್ಪು ಅಂಗಿ, ಕಪ್ಪು ಪಂಚೆಯ ರಣಗಲ್ ಪಾತ್ರದಲ್ಲಿ ಶಿವರಾಜ್‌ಕುಮಾರ್ ತೆರೆಗೆ ಬರುವುದು ತಡವಾಗಿ. ಅದುವರೆಗೆ ಅವನ ಹೆಸರಿನ ಭಯವೇ ಓಡಾಡುತ್ತಿರುತ್ತದೆ. ಸಂಗೀತ ರವಿ ಬಸ್ರೂರು ಅವರದು. ರಣಗಲ್‌ನ ಆದಾಯ ಗಣಿಯಿಂದ. ಹತ್ತಿರದಿಂದ ನೋಡಿದಾಗ ಗಣನಿಗೆ ಕಾಣುವುದು ಆ ಹಣ ಊರಿನ ಜನರ ಕಷ್ಟಕ್ಕೆ ಹರಿಯುತ್ತಿರುವುದು. ಅವನನ್ನು ಮುಗಿಸಬೇಕೆನ್ನುವ ರಾಜಕಾರಣಿಗಳು ಅವನಿಗಿಂತ ಕೀಳಾಗಿ ಕಾಣತೊಡಗುತ್ತಾರೆ. ‘ಅಂತ’ದಲ್ಲಿ ಸಾಕ್ಷ್ಯ ಒಪ್ಪಿಸಲು ಯೋಗ್ಯರು ಸಿಗಲಿಲ್ಲ, ‘ಮಫ್ತಿ’ಯಲ್ಲಿ ಸಾಕ್ಷ್ಯ ತರುವುದೇ ಸರಿಯೇ ಎಂದು ಪೊಲೀಸನಿಗೆ ಅನುಮಾನ ಬರುತ್ತದೆ. ಇದು 2023ರಲ್ಲಿ ಸಿಲಂಬರಸನ್ ಅಭಿನಯದಲ್ಲಿ ತಮಿಳಿನ ‘ಪತ್ತು ತಲ’ ಆಯಿತು.

ಗಣಿ ಧಣಿಯನ್ನು ಊರಿನ ಅಣ್ಣನಾಗಿ ತೋರಿಸುವ ಈ ಉದಾರತೆ ಬೇಬಿ ಬೆಟ್ಟದ ಸುತ್ತಿನ ಹಳ್ಳಿಯವರಿಗೆ ಸುಲಭವಾಗಿ ಒಪ್ಪಿಗೆಯಾಗಲಾರದು. ಸಿಡಿಮದ್ದಿಗೆ ಮನೆಗೋಡೆ ಬಿರುಕು ಬಿಟ್ಟವರಿಗೆ ಗಣಿಯ ಹಣ ಬೇರೆಯದೇ ಲೆಕ್ಕ. ಆದರೂ ಚಿತ್ರದ ಹಿಂದಿನ ನಿರಾಶೆ ಸುಳ್ಳಲ್ಲ. ಸರ್ಕಾರಿ ಆಸ್ಪತ್ರೆ, ಶಾಲೆ, ರಸ್ತೆ ಯಾವುದೂ ಕೈಗೆಟುಕದ ಕಡೆ ಜನ ಕೊಡುವ ಕೈಯನ್ನು ನೋಡುತ್ತಾರೆ, ಅದು ಯಾರದ್ದೆಂದು ಕೇಳುವುದಿಲ್ಲ.

ನರ್ತನ್ ಅವರೇ 2024ರ ನವೆಂಬರ್ 15ರಂದು ‘ಭೈರತಿ ರಣಗಲ್’ ಎಂಬ ಪೂರ್ವಕಥೆಯನ್ನು ತೆರೆಗೆ ತಂದರು. ಊರಿನ ವಕೀಲನೊಬ್ಬ ದಂಧೆಯ ದೊರೆಯಾಗುವ ಬಗೆ ಅದರ ಕಥಾವಸ್ತು. ಕಪ್ಪು ಕೋಟು ಹಾಕಿ ನ್ಯಾಯಾಲಯದಲ್ಲಿ ನಿಲ್ಲುತ್ತಿದ್ದವನು ಅಲ್ಲಿಂದ ಹೊರನಡೆಯುತ್ತಾನೆ. ಒಳಹೊಕ್ಕು ಸಾಕ್ಷ್ಯ ತರುವ ಪೊಲೀಸನ ಅಗತ್ಯ ಆ ಕಥೆಗೆ ಬೀಳಲೇ ಇಲ್ಲ.